ಕೆಂಪು ಗೆರೆಯ ಕೆಳಗಿನ ಹೆಸರು

ಗಂಗಾವತಿ
14 ಜುಲೈ 2006

ಪ್ರೀತಿಯ ರೇಣುಕಾದೇವಿಗೆ ಇರ್ಫಾನಾಳ ಸಲಾಮು.

ನನ್ನ ಎರಡು ಪತ್ರ ಒಡೆಯದೆಯೇ ವಾಪಸ್ ಬಂದವು. ಸಿಟ್ಟಿದ್ದರೆ ಇರಲಿ, ಇದೊಂದನ್ನು ಓದು. ನಿಮ್ಮಪ್ಪ ಹೊಳಿಯಪ್ಪ ಕಾಕಾನಿಗೂ ಓದಿ ಹೇಳು. ಬರುವ ಬುಧವಾರ ಕೊಪ್ಪಳದಲ್ಲಿ ಕಾರ್ಮಿಕ ಅಧಿಕಾರಿಗಳ ಮುಂದೆ ಕಾಕಾನ ಕೊನೆಯ ವಿಚಾರಣೆ. ಅವರು ಬರಲೇಬೇಕು.

ಮೂರು ವರ್ಷದ ಹಿಂದೆ ನಮ್ಮ ರೈಸ್ ಮಿಲ್ಲಿಗೆ ಕಂಪ್ಯೂಟರ್ ಬಂದಾಗ, ಮಗಳ ಜೊತೆ ಕೊಪ್ಪಳದಲ್ಲಿ ಕಲಿತ ಹುಡುಗಿ ಎಂದು ಮಾಲೀಕರಿಗೆ ಹೇಳಿ ನನ್ನನ್ನು ಆ ಕುರ್ಚಿಯಲ್ಲಿ ಕೂಡಿಸಿದವರೇ ಅಲ್ಲಿ ಮೇಸ್ತ್ರಿಯಾಗಿದ್ದ ಕಾಕಾ. ಯಾರು ಯಾವ ಮೇಸ್ತ್ರಿಯ ಕೈಕೆಳಗೆ ಎಂಬುದು ಆಗ ದಪ್ಪ ರಿಜಿಸ್ಟರಿನಲ್ಲಿತ್ತು. ಪ್ರತಿ ಕೆಲಸಗಾರನ ಎದುರು ಮೇಸ್ತ್ರಿಯ ಹೆಸರು, ಊರು ಎಲ್ಲ ಮತ್ತೆ ಮತ್ತೆ ಬರೆದಿದ್ದರು. ನಾನು ಅದನ್ನೆಲ್ಲ ಬಿಚ್ಚಿ ಕಂಪ್ಯೂಟರಿನಲ್ಲಿ ಒಂದು ಟೇಬಲ್, ಅಂದರೆ ಸಾಲು-ಕಾಲಂಗಳ ಪಟ್ಟಿ, ಕಟ್ಟಿದೆ. ಒಬ್ಬ ಮನುಷ್ಯನಿಗೆ ಒಂದೇ ಸಾಲು, ಒಂದೇ ನಂಬರು. ಅವನ ಮೇಲೆ ಯಾರು ಎಂಬಲ್ಲಿ ಹೆಸರಿಲ್ಲ, ಆ ಮೇಲಿನವನ ನಂಬರಷ್ಟೇ. ಮೇಸ್ತ್ರಿಗಳೂ ಅದೇ ಟೇಬಲಿನ ಸಾಲುಗಳು. ಮಾಲೀಕರ ಮುಂದೆ ಮಾತ್ರ ಆ ಜಾಗ ಖಾಲಿ. ಒಂದು ವಿಷಯವನ್ನು ಎರಡು ಕಡೆ ಬರೆಯಬಾರದು ಎಂದು ನಮ್ಮ ಸರ್ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಜಂಬವೂ ಇತ್ತು.

ಕಾಕಾ ಪಕ್ಕದಲ್ಲಿ ನಿಂತು ನೋಡಿ, ಕೂಲಿ ಹುಡುಗನೊಬ್ಬನ ಸಾಲಿನ ಮೇಲೆ ಬೆರಳಿಟ್ಟರು. "ಎಲ್ಲಾ ಛಲೋ ಐತಿ ಯವ್ವಾ. ಈ ಸುಭಾಷ್ ಹ್ವಾದ ವರ್ಷ ಯಾರ ಕೆಳಗಿದ್ದ ಅನ್ನೂದು ಎಲ್ಲೈತಿ?" ಎಂದು ಕೇಳಿದರು. ರಿಜಿಸ್ಟರಿನಲ್ಲಿ ಮೇಸ್ತ್ರಿ ಬದಲಾದರೆ ಹಳೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ತಾರೀಖು ಹಾಕುತ್ತಿದ್ದರು. ಗೆರೆಯ ಕೆಳಗೂ ಹೆಸರು ಕಾಣುತ್ತಿತ್ತು. "ಹ್ವಾದ ವರ್ಷದ್ದು ಯಾಕ ಬೇಕು ಕಾಕಾ? ಇವತ್ತು ಯಾರ ಕೆಳಗದಾನ, ಅಷ್ಟ ಸಾಕು" ಎಂದು ನಕ್ಕುಬಿಟ್ಟೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಟೇಬಲ್ ಮಾಡಿ, ಇಂಥ ದಿನದಿಂದ ಇಂಥ ದಿನದವರೆಗೆ ಇಂಥವನ ಕೆಳಗೆ ಎಂದು ಎರಡು ತಾರೀಖು ಇಟ್ಟಿದ್ದರೆ ಮುಗಿಯುತ್ತಿತ್ತು. ಅರ್ಧ ದಿನದ ಕೆಲಸ, ಮಾಡಲಿಲ್ಲ. ರಿಜಿಸ್ಟರ್ ರದ್ದಿಗೆ ಹೋಯಿತು.

ಈ ಮಾರ್ಚ್ ಒಂಬತ್ತರಂದು ಭತ್ತ ಮೇಲೆತ್ತುವ ಬೆಲ್ಟಿಗೆ ಸಿಕ್ಕಿ ಸುಭಾಷನ ಬಲಗೈ ಹೋಯಿತು. ಮಷೀನು ನಿಲ್ಲಿಸದೆ ಕೈ ಹಾಕು ಎಂದವನು ಅವನ ಮೇಸ್ತ್ರಿ. ಯಾವ ಮೇಸ್ತ್ರಿ ಎಂದು ಅಧಿಕಾರಿಗಳು ಕೇಳಿದರೆ, ಮಿಲ್ಲಿನವರು ನನ್ನ ಟೇಬಲಿನ ಪ್ರಿಂಟ್ ಕೊಟ್ಟರು. ಸುಭಾಷನ ಸಾಲಿನಲ್ಲಿ ಏಳು ಎಂದಿತ್ತು. ಏಳು ಎಂದರೆ ಕಾಕಾ. ಅಲ್ಲಿ ನಾಲ್ಕು ಇರಬೇಕಿತ್ತು. ನಾಲ್ಕು ಎಂದರೆ ವಿರುಪಣ್ಣ, ಮಾಲೀಕರ ಅಕ್ಕನ ಮಗ. ಅಪಘಾತ ಆದ ಮೇಲೆ ನಂಬರು ಬದಲಾಗಿದೆ. ಹೊಸದು ಬರೆದರೆ ಹಳೆಯದು ಗುರುತಿಲ್ಲದೆ ಅಳಿಸಿಹೋಗುವಂತೆ ಕಟ್ಟಿದ ತಪ್ಪು ನನ್ನದು. ಸುಭಾಷನನ್ನು ಮಿಲ್ಲಿನಲ್ಲೇ ಕಾವಲಿಗೆ ಇಟ್ಟುಕೊಂಡಿದ್ದಾರೆ, ಅವನು ಬಾಯಿ ಬಿಡುವುದಿಲ್ಲ.

ಕೆಲಸದಿಂದ ತೆಗೆದ ಮೇಲೆ ಕಾಕಾ ತಾವರಗೇರಾದಲ್ಲಿ ಮನೆ ಬಿಟ್ಟು ಹೊರಗೇ ಬರುತ್ತಿಲ್ಲ ಎಂದು ಕೇಳಿದೆ. ಅನ್ನ ಸೇರುತ್ತಿಲ್ಲ ರೇಣುಕಾ ನನಗೆ. ಒಬ್ಬ ಹುಡುಗನ ಕೈ ಕಳೆದವನು ಎಂಬ ಮಾತು ಹೊತ್ತು ಆ ಮನುಷ್ಯ ಬದುಕಬಾರದು. ಬುಧವಾರ ನಾನೇ ಎದ್ದು ನಿಂತು, ಒಂಬತ್ತರಂದು ಅಲ್ಲಿ ನಾಲ್ಕು ಇತ್ತು ಎಂದು ಹೇಳುತ್ತೇನೆ. ತೋರಿಸಲು ಕಾಗದವಿಲ್ಲ, ಸಾಕ್ಷಿ ನಾನೊಬ್ಬಳೇ. ಕೆಲಸ ಹೋಗುತ್ತದೆ, ಹೋಗಲಿ.

ನಿನ್ನವಳೇ ಎಂದು ಬರೆಯಲು ಕೈ ಬಾರದ,
ಇರ್ಫಾನಾ

ತಾ.ಕ.: ನಂಬರು ಬದಲಾಗಿದೆ ಎಂದು ಮೇಲೆ ಬರೆದೆನಲ್ಲ, ಅದು ತಾನಾಗಿ ಬದಲಾಗಲಿಲ್ಲ. ಹನ್ನೊಂದರ ಬೆಳಿಗ್ಗೆ ಮ್ಯಾನೇಜರು ಬಂದು ಹೇಳಿದರು, ನಾನು ನಾಲ್ಕು ಅಳಿಸಿ ಏಳು ಒತ್ತಿದೆ. ಏಳು ಯಾರೆಂದು ಗೊತ್ತಿದ್ದೇ ಒತ್ತಿದೆ. ಮಧ್ಯಾಹ್ನ ಕಾಕಾನನ್ನು ಕರೆಸಿ ಪ್ರಿಂಟ್ ಓದಿ ಹೇಳಿದಾಗ ಅವರು ಜಗಳಾಡಲಿಲ್ಲ. "ನನಗ ನೆಪ್ಪ ಹಾರಿರಬೇಕ್ರಿ. ಇರ್ಫಾನಾ ಬರದದ್ದು ಸುಳ್ಳ ಇರಾಂಗಿಲ್ಲ" ಎಂದರು. ನಾನು ಅಲ್ಲೇ ಕುಳಿತಿದ್ದೆ.