ಎರಡನೇ ಆಂಪಿನ ಜನ

ಮೂಡಿಗೆರೆ
ಶನಿವಾರ, 18 ಜನವರಿ 2025

ಪ್ರೀತಿಯ ನಂದಣ್ಣಾ,

ಬೆರಳಿನ ನೋವು ಈಗ ಹೇಗಿದೆ? ಹೋಟೆಲಿನವರು ವಾರದ ಏಳೂ ಸಂಜೆ ನುಡಿಸಲು ಹೇಳುತ್ತಾರೆಂದು ನೀನು ಬರೆದಿದ್ದೆ. ಗೋವಾದಲ್ಲಿ ಗಿಟಾರ್ ನುಡಿಸುವವರಿಗೆ ರಜೆ ಎಂಬುದೇ ಇಲ್ಲವೇ? ಒಮ್ಮೆ ಎದುರು ನಿಂತು ಕೇಳು. ಅಮ್ಮ ಚೆನ್ನಾಗಿದ್ದಾಳೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ 'ನೀವಾದ್ರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ' ಎನ್ನುತ್ತಿದ್ದಾರೆ. ನನಗೆ ಕಾಯಿಲೆಯೇನಿಲ್ಲ, ದಣಿವು ಅಷ್ಟೆ.

ನೀನು ಬಿಟ್ಟುಹೋದ, ಸದ್ದು ಹೆಚ್ಚಿಸುವ ಎರಡು ಆಂಪ್, ಪೆಡಲ್‌ಗಳನ್ನೆಲ್ಲ ನೀನು ಫೋನಿನಲ್ಲಿ ಹೇಳಿದಂತೆಯೇ ಜೋಡಿಸಿದೆ. ಮೊದಲು ಲೂಪರಿನ ಸದ್ದು ಎರಡೂ ಆಂಪ್‌ಗಳಿಗೆ ಹೋಗುತ್ತಿತ್ತು. ಅದು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಸದ್ದಿನಲ್ಲಿ ನನ್ನ ಗಿಟಾರ್ ಮುಳುಗಿಹೋಗುತ್ತಿತ್ತು. ಈಗ ಗಿಟಾರಿನಿಂದ ಬರುವ ವೈರ್ ಮೊದಲೇ ಎರಡಾಗಿ ಕವಲೊಡೆಯುತ್ತದೆ. ಒಂದು ನೇರವಾಗಿ ಸಣ್ಣ ಆಂಪಿಗೆ, ಇನ್ನೊಂದು ಡಿಲೇ, ಲೂಪರ್ ಪೆಡಲ್ ಎರಡನ್ನೂ ದಾಟಿ ದೊಡ್ಡದಕ್ಕೆ. ಆಂಪಿನ ಗುಂಯ್ ಎನ್ನುವ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕೀಳಹೊರಟಿದ್ದೆ. ನೀನು 'ಸಾಯ್ತೀಯ ಮಾರಾಯ್ತಿ' ಎಂದು ಕೂಗಿದ್ದು ಒಳ್ಳೆಯದಾಯಿತು. ಎರಡೂ ಆಂಪನ್ನು ಒಂದೇ ಬೋರ್ಡಿಗೆ ಹಾಕಿದ ಮೇಲೆ ಅದು ಅಡಗಿತು.

ಇಷ್ಟೆಲ್ಲ ಮಾಡಿದ್ದು ಸೋಮಶೇಖರಪ್ಪನವರ ಕಾಫಿ ಎಸ್ಟೇಟಿನ ಗೇಟಿನ ಮುಂದೆ ನುಡಿಸುವುದಕ್ಕಾಗಿ. ಡಿಸೆಂಬರಿನಲ್ಲಿ ಅವರು ಆ ಗೇಟಿಗೆ ಬೀಗ ಹಾಕಿಸಿದರು. ಆ ದಾರಿ ಮುಚ್ಚಿದ್ದರಿಂದ ಎಸ್ಟೇಟಿನ ಹಿಂಭಾಗದ ಕಾಲೋನಿಯ ಮಕ್ಕಳು ಶಾಲೆಯ ಬಸ್ಸು ಹಿಡಿಯಲು ನಾಲ್ಕು ಕಿಲೋಮೀಟರ್ ಸುತ್ತಬೇಕು. ಗೇಟಿನ ಮುಂದೆ ಕೂರಲು ಕಾಲೋನಿಗೆ ಕಾಲೋನಿಯೇ ಬರುತ್ತದೆಂದು ನಂಬಿದ್ದೆ. ನಾನು ಓದಿದ ಹೋರಾಟದ ಕರಪತ್ರಗಳಲ್ಲೆಲ್ಲ ಜನ ಬರುತ್ತಾರೆ. ಬಂದವರು ಶಂಕರಮ್ಮನೂ ಸೇರಿ ಏಳು ಹೆಂಗಸರು.

ಶಂಕರಮ್ಮನ ಮನೆ ಗೇಟಿನ ಪಕ್ಕದಲ್ಲೇ ಇದೆ, ಅಲ್ಲಿಂದ ಕರೆಂಟಿನ ವೈರ್ ಎಳೆದೆ. ಹತ್ತಡಿ ಆಚೆ ಕಾಣದಷ್ಟು ಮಂಜು. ಆಗ ನನಗೆ ಒಂದು ಬುದ್ಧಿ ಬಂತು. ಲೂಪರಿಗೆ ಮೈಕ್ ಸಿಕ್ಕಿಸಿ ಅವರ ಕೂಗನ್ನು ಹಿಡಿದೆ. ಅದರ ಮೇಲೆ ಮತ್ತೆ ಕೂಗಿಸಿದೆ, ಅದರ ಮೇಲೂ ಮತ್ತೆ, ಒಟ್ಟು ಆರು ಪದರ. ದೊಡ್ಡ ಆಂಪನ್ನು ಸೋಮಶೇಖರಪ್ಪನವರ ಬಂಗಲೆಯ ಕಡೆ ತಿರುಗಿಸಿದೆ. ಮಂಜಿನೊಳಗೆ ಇನ್ನೂರು ಜನ ನಿಂತು ಕೂಗಿದಂತಿತ್ತು. ಅರ್ಧ ಗಂಟೆಯೊಳಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಿಶ್ವನಾಥ್ ಬೀಗದ ಕೈ ಹಿಡಿದು ಓಡಿಬಂದ. ಗೇಟು ತೆರೆದು, ನಮ್ಮನ್ನು ನೋಡಿ, 'ಉಳಿದವ್ರೆಲ್ಲ ಎಲ್ಲಿ?' ಎಂದ. ಶಂಕರಮ್ಮ 'ಟೀ ಕುಡಿಯಕ್ ಹೋಗಿದಾರೆ' ಎಂದರು. ಆ ದಿನ ನಾನೂ ನಕ್ಕೆ.

ಗೇಟು ತೆರೆದ ಒಂಬತ್ತನೇ ದಿನ ಮತ್ತೆ ಬೀಗ ಬಿತ್ತು. ವಿಶ್ವನಾಥ್ ಕಂಡದ್ದನ್ನು ಹೇಳಿರಬೇಕು. ಈ ಸಲ ಎಲ್ಲರೂ ಬರಬೇಕೆಂದು ಮನೆ ಮನೆಗೆ ಹೋದೆ. ಮೊದಲ ಮನೆಯಲ್ಲೇ ಗುರುವಯ್ಯ, 'ಕೊಯ್ಲು ಬಿಟ್ಟು ನಾವ್ಯಾಕೆ ಬರ್ಬೇಕು? ನಿನ್ ಪೆಟ್ಟಿಗೆ ತಗೊಂಡ್ ಹೋಗು ಮಾರಾಯ್ತಿ, ಅದು ನಮ್ಗಿಂತ ಜೋರಾಗಿ ಕೂಗತ್ತೆ' ಎಂದರು. ವ್ಯಂಗ್ಯವಲ್ಲ ಅಣ್ಣಾ, ಮೆಚ್ಚಿಯೇ ಹೇಳಿದರು. ಹೋದ ಸಲ ಬಂದಿದ್ದವರಲ್ಲಿ ಶಂಕರಮ್ಮನನ್ನು ಬಿಟ್ಟು ಉಳಿದ ಹೆಂಗಸರೂ ಅದನ್ನೇ ಹೇಳಿದರು. ಮನೆಯಲ್ಲೇ ಇದ್ದರೂ ಬಂದ ಹಾಗೆಯೇ ಎಂದು ಅವರಿಗೆ ತೋರಿಸಿಕೊಟ್ಟವಳು ನಾನು. ಮೇಲಿನ ಪದರಗಳನ್ನು ಅಳಿಸಿ ಆ ಏಳು ಜನರ ಮೊದಲ ಕೂಗನ್ನಷ್ಟೇ ಉಳಿಸಿಕೊಳ್ಳಲು ನೋಡಿದೆ. ಈ ಯಂತ್ರ ಕೊನೆಯ ಪದರವನ್ನು ಮಾತ್ರ ಅಳಿಸುತ್ತದೆ. ಮೊದಲನೆಯದು ಸಿಗಲೇ ಇಲ್ಲ.

ಕಾಗದದ ಜೊತೆ ಅಮ್ಮನ ಆಶೀರ್ವಾದವೂ ಮಿಡಿ ಉಪ್ಪಿನಕಾಯಿಯೂ ಇವೆ. ಬೆರಳಿಗೆ ಬಿಸಿ ಎಣ್ಣೆ ಹಚ್ಚು.

ನಿನ್ನ ತಂಗಿ,
ಕೃತಿಕಾ

ಮರೆತಿದ್ದೆ: ಉಪ್ಪಿನಕಾಯಿ ಡಬ್ಬಿಯ ಪಕ್ಕದ ಬಟ್ಟೆಗಂಟಿನಲ್ಲಿರುವುದು ಲೂಪರಿನ ಅಡಾಪ್ಟರ್, ಅದಿಲ್ಲದೆ ಲೂಪರ್ ಓಡುವುದಿಲ್ಲ. ಅಂಥದ್ದು ಇಲ್ಲಿ ಯಾವ ಅಂಗಡಿಯಲ್ಲೂ ಇಲ್ಲ, ವಿಚಾರಿಸಿಯೇ ಕಳಿಸುತ್ತಿದ್ದೇನೆ. ಸೋಮವಾರ ಗೇಟಿನ ಮುಂದೆ ಕೂರುತ್ತೇವೆ. ಒಪ್ಪಿದವರು ಶಂಕರಮ್ಮ ಒಬ್ಬರೇ, ನಾನು ಸೇರಿ ಇಬ್ಬರು. ಮಂಜು ಇನ್ನೂ ಹಾಗೆಯೇ ಬೀಳುತ್ತಿದೆ. ಆಮೇಲೆ ನಾನು ಫೋನ್ ಮಾಡಿ ಅತ್ತರೂ ಅಡಾಪ್ಟರನ್ನು ವಾಪಸ್ ಕಳಿಸಬೇಡ.