ಎಣಿಕೆಗೆ ಸೇರಿಸದ ದಿನ

ಉವಾಜಿಮ
ಜೂನ್ 9, 2025

ನನ್ನ ಮುದ್ದು ಚಿಹೊ,

ಹೇಗಿದ್ದೀಯಮ್ಮಾ? ಸೊಂಟನೋವು ಕಡಿಮೆಯಾಯಿತೇ? ರೋಗಿಗಳನ್ನು ಎತ್ತಿ ಕೂರಿಸಬೇಕಾದ ನರ್ಸಮ್ಮನೇ ಸೊಂಟ ಹಿಡಿದುಕೊಂಡು ಕೂತರೆ ಆ ದ್ವೀಪದವರ ಗತಿಯೇನು? ವಾರಕ್ಕೊಂದೇ ಹಡಗು ಎಂದು ಗೊತ್ತಿದ್ದೂ ಮೊನ್ನೆ ಒಂದು ದಿನ ತಡಮಾಡಿದೆ, ಹಾಗಾಗಿ ಕಿತ್ತಳೆ ಮುರಬ್ಬದ ಡಬ್ಬಿ ಈ ಪತ್ರದ ಜೊತೆಗೇ ಬರಬಹುದು. ಊರಿಗೆಲ್ಲ ಹಂಚಿ ನೀನು ಬೆರಳು ಚೀಪುತ್ತಾ ಕೂರಬೇಡ. ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಮಳೆ ಬರುವುದು ರೇಡಿಯೋಗಿಂತ ಮೊದಲು ಅದಕ್ಕೇ ತಿಳಿಯುತ್ತದೆ.

ನಿನ್ನಪ್ಪ ನಿವೃತ್ತರಾದ ವರ್ಷ ಪ್ರೋಗ್ರಾಮಿಂಗ್ ಕಲಿಯುತ್ತೇನೆಂದು ಮೂರು ದಪ್ಪ ಪುಸ್ತಕ ತಂದಿದ್ದು ನೆನಪಿದೆಯಲ್ಲ? ಮೊದಲನೆಯದನ್ನು ನಾನು ಓದಿ ಮುಗಿಸಿದೆ. ಅವರು ನಿಂತದ್ದು ಅರವತ್ತೊಂದನೇ ಪುಟದಲ್ಲಿ. ಅಂಚಿನಲ್ಲಿ ಪೆನ್ಸಿಲಿನಿಂದ 'ಅರ್ಥವಾಗಲಿಲ್ಲ. ನಾಳೆ' ಎಂದು ಬರೆದಿದ್ದಾರೆ. ಆ ಪುಟವನ್ನು ನಾನು ಹನ್ನೊಂದು ದಿನ ಓದಿದೆ. ಅರ್ಥವಾದ ದಿನ ಅದರ ಕೆಳಗೇ 'ನನಗೆ ಅರ್ಥವಾಯಿತು ರೀ' ಎಂದು ಬರೆದು, ಪುಸ್ತಕವನ್ನು ಅವರ ಫೋಟೊದ ಮುಂದಿಟ್ಟು, ಒಂದು ಲೋಟ ಚಹಾವನ್ನೂ ಇಟ್ಟೆ. ಜಂಬ ಎಂದುಕೋ. ನಲವತ್ತಾರು ವರ್ಷದ ಸಂಸಾರದಲ್ಲಿ ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾದದ್ದು ಅದೇ ಮೊದಲು, ಹೇಳೋಣವೆಂದರೆ ಅವರಿಲ್ಲ.

ಮೀನುವಡೆ ಅಂಗಡಿಯ ಸುಗಿನೊ ಮಾತ್ರ ನನ್ನನ್ನು ಬಿಡುವುದಿಲ್ಲ. "ಅರವತ್ತಕ್ಕೆ ಅರಳುಮರಳು ಅಂತಾರೆ ಕಣೇ, ನಿಂಗೆ ಹನ್ನೆರಡು ವರ್ಷ ತಡವಾಗಿ ಬಂತು ನೋಡು" ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಾಳೆ. ಹಾಗೆಂದವಳೇ, ಒಂದು ಆವರಣ ಚಿಹ್ನೆ ಮುಚ್ಚಲು ಮರೆತು ಇಡೀ ಮಧ್ಯಾಹ್ನ ನಾನು ಒದ್ದಾಡಿದ ದಿನ, ಬಿಸಿ ವಡೆ ತಂದು ಪಕ್ಕದಲ್ಲಿ ಕೂತಿದ್ದಳು.

ಗುಡಿಯ ಗುರುಗಳ ತಾಯಿಗೆ ಕೈ ನಡುಗುತ್ತದೆ. ಯಾರ ಮನೆಯ ಹಿರಿಯರ ಎಷ್ಟನೇ ವರ್ಷದ ತಿಥಿ ಯಾವಾಗ ಎಂದು ಕುಂಚದಲ್ಲಿ ಬರೆಯುತ್ತಿದ್ದವರು ಅವರೇ. ಆ ಕೆಲಸಕ್ಕೆ ನಾನೇ ಒಂದು ಪ್ರೋಗ್ರಾಮ್ ಬರೆದೆ. ತೀರಿಕೊಂಡ ವರ್ಷ ಕೊಟ್ಟರೆ ಮನೆಮನೆಗೆ ಕಳಿಸುವ ಕಾರ್ಡೇ ಅಚ್ಚಾಗಿ ಬರುತ್ತದೆ. ಪರೀಕ್ಷೆಗೆಂದು ಮೊದಲು ಅಪ್ಪನ ವರ್ಷವನ್ನೇ ಕೊಟ್ಟೆ. ಮೊದಲನೇ ವರ್ಷದ್ದು ಸರಿಯಾಗಿ ಬಂತು, ಆ ಖುಷಿಯಲ್ಲೇ ಮೂರನೆಯದರ ಕಾರ್ಡನ್ನು ಅಚ್ಚುಹಾಕಿ ನಿನಗೆ ಕಳಿಸಿದ್ದೆ. ನಿನ್ನೆ ಈ ಶರತ್ಕಾಲದ ಇಪ್ಪತ್ತಾರು ಕಾರ್ಡುಗಳನ್ನು ಗುಡಿಗೆ ಒಯ್ದೆ. ಗುರುಗಳು ಮೆಚ್ಚಿಕೊಂಡರು. ಒಂದು ತಪ್ಪನ್ನೂ ಹಿಡಿದರು, ಇರಲಿ, ಅದನ್ನು ಆಮೇಲೆ ಹೇಳುತ್ತೇನೆ.

ಹಿತ್ತಲ ಕಿತ್ತಳೆ ಗಿಡ ಈ ಸಲ ಮೈತುಂಬ ಕಾಯಿ ಕಚ್ಚಿದೆ. ನಿನ್ನ ಕೋಣೆಯ ಚಾಪೆ ಬದಲಿಸಿದೆ. ನಿನ್ನ ಆಸ್ಪತ್ರೆಯ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ವರ್ಷ ಬಾಳು.

ನಿನ್ನ ಅಮ್ಮ,
ಕಿನುಯೊ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಅಂಚೆಯವನು ಬರುವ ಹೊತ್ತಾಯಿತು. ಗುರುಗಳು ಕಾರ್ಡುಗಳನ್ನು ಎರಡೆರಡು ಸಲ ತಿರುವಿಹಾಕಿ, "ಯಜಮಾನ್ರ ಕಾರ್ಡೇ ಇಲ್ವಲ್ಲ ಕಿನುಯೊ ಅವ್ರೇ?" ಎಂದರು. "ಅವರದು ಬರೋ ವರ್ಷ" ಎಂದೆ. ಅವರು ನಕ್ಕೇಬಿಟ್ಟರು. "ಮೊದಲ್ನೇ ವರ್ಷದ್ದಾದ್ಮೇಲೆ ತೀರ್ಕೊಂಡ ದಿನಾನೇ ಒಂದು ಅಂತ ಹಿಡೀಬೇಕಲ್ವೇನಮ್ಮ? ವರ್ಷ ತುಂಬಿದ್ದು ಎರಡು, ಹಾಗಾಗಿ ಮೂರನೇದು ಬರೋದು ಎರಡೇ ವರ್ಷಕ್ಕೆ. ಪಾಪ, ನಿಮ್ಮ ಕಂಪ್ಯೂಟರಿನ ಮನೇಲಿ ಯಾರೂ ಸತ್ತಿಲ್ಲ, ಅದಕ್ಕೇನು ಗೊತ್ತು!"

ನನಗೆ ಗೊತ್ತಿತ್ತಲ್ಲ, ಚಿಹೊ. ಅತ್ತೆ ಮಾವ ಇಬ್ಬರದನ್ನೂ ಹಾಗೆಯೇ ಎಣಿಸಿ ಮಾಡಿಸಿದವಳು ನಾನು. ಆ ದಿನವೊಂದನ್ನು ಲೆಕ್ಕಕ್ಕೆ ಹಿಡಿಯಲು ನನಗೆ ಮನಸ್ಸಿರಲಿಲ್ಲ ಎಂದು ಕಾಣುತ್ತದೆ. ಪ್ರೋಗ್ರಾಮ್ ನಾನು ಬರೆದಂತೆಯೇ ಎಣಿಸಿತು.

ಆಚೆ ವರ್ಷ ಬಿರುಗಾಳಿಗೆ ಹಡಗು ನಿಂತು ಅಪ್ಪನನ್ನು ಕಳಿಸಿಕೊಡಲು ನಿನಗೆ ಬರಲಾಗಲಿಲ್ಲ. ಹೋದ ವರ್ಷ ಮೊದಲನೇ ತಿಥಿಗೆ ಬದಲಿ ನರ್ಸ್ ಸಿಗಲಿಲ್ಲ. ಮೂರನೆಯದಕ್ಕೆ ಬಂದೇ ತೀರುತ್ತೇನೆಂದು ನೀನು ಬರೆದಿದ್ದೆ. ನನ್ನ ಕಾರ್ಡು ನಂಬಿ ಬರುವ ವರ್ಷಕ್ಕೆ ರಜೆಯನ್ನೂ ಬರೆಸಿದ್ದೀಯ. ಅದು ಬರುವ ವರ್ಷವಲ್ಲ, ಮಗಳೇ. ಈ ಅಕ್ಟೋಬರ್ ಹದಿನೆಂಟು, ಶನಿವಾರ. ಇಂದೇ ಹೋಗಿ ರಜೆ ಬದಲಿಸು, ಅಮ್ಮನ ತಪ್ಪೆಂದೇ ಹೇಳು. ಪ್ರೋಗ್ರಾಮನ್ನು ಒಂದೇ ಸಾಲಿನಲ್ಲಿ ತಿದ್ದಿದ್ದೇನೆ, ಗುಡಿಯ ಕಾರ್ಡುಗಳನ್ನೂ ಮತ್ತೆ ಅಚ್ಚುಹಾಕುತ್ತೇನೆ. ಆ ದಿನವನ್ನು ಒಂದು ಎಂದು ಎಣಿಸುವಾಗ ನೀನು ನನ್ನ ಪಕ್ಕದಲ್ಲಿರಬೇಕು.