ಚಿಕ್ಕ ಚೀಟಿ ಒಳಗಡೆಗೆ

ಗಿರ್ವನ್, ಸ್ಕಾಟ್ಲೆಂಡ್
ನವೆಂಬರ್ ೧೪, ಮಂಗಳವಾರ

ಪ್ರೀತಿಯ ನೆಟ್ಟಾ,

ಮೊಣಕಾಲು ನೋವು ಹೇಗಿದೆ? ಇನ್ವರ್ನೆಸ್‌ನ ಚಳಿಯಲ್ಲಿ ಮಗಳ ಮನೆ ಸೇರಿ ಎಂಟು ತಿಂಗಳಾಯಿತು, ಒಂದು ಸಾಲು ಬರೆದಿಲ್ಲ. ನಾನಂತೂ ಕಲ್ಲುಗುಂಡಿನ ಹಾಗಿದ್ದೇನೆ, ತಲೆ ಮಾತ್ರ ಕೆಟ್ಟಿದೆ.

ಕೆಡಿಸಿದವಳು ನೀನೇ. ಅಂತರರಾಷ್ಟ್ರೀಯ ಒಳಾಂಗಣ ಬೌಲ್ಸ್ ಚೆಂಡಾಟದ ಪಂದ್ಯಕ್ಕೆ ನಮ್ಮ ಜೋಡಿಯ ಅರ್ಜಿ ಇಪ್ಪತ್ತನೇ ತಾರೀಕಿನೊಳಗೆ ತಲುಪಬೇಕು. ನಿನ್ನ ಸಹಿ ಬರದಿದ್ದರೆ ಕ್ಲಬ್ಬಿನ ಕಾರ್ಯದರ್ಶಿ ಫರ್ಗಸ್ ನನ್ನ ಜೊತೆಗೆ ಸೆಂಗಾಳನ್ನು ಕಟ್ಟುತ್ತಾನಂತೆ. ಸೆಂಗಾ! ಉರುಳುವ ಚೆಂಡಿನ ಹಿಂದೆಯೇ "ನಿಂತ್ಕೊಳೇ ಚಿನ್ನಾ, ನಿಂತ್ಕೊಳೇ" ಅಂತ ಗೋಗರೆಯುತ್ತಾ ಓಡುವವಳು. ಅವಳ ಜೊತೆ ಆಡುವುದಕ್ಕಿಂತ ಮನೆಯಲ್ಲಿ ಕೂತು ಕಾಲುಚೀಲ ಹೆಣೆಯುತ್ತೇನೆ. ಮೂವತ್ತು ವರ್ಷ ನಿನ್ನ ಜೊತೆ ಆಡಿದ ಮೇಲೆ ಬೇರೆ ಯಾರೂ ನನಗೆ ಒಗ್ಗುವುದಿಲ್ಲ ಕಣೇ.

ಒಂದೇ ಒಂದು ಚೆಂಡಿಗೆ ಇಷ್ಟು ರಾದ್ಧಾಂತವೇ? ಮಾರ್ಚ್‌ನಲ್ಲಿ ವೇಲ್ಸ್‌ನವರೊಂದಿಗೆ ನಮ್ಮ ಅಂಕ ಸಮ ಆಗಿತ್ತು, ನಿರ್ಣಾಯಕ ಸರದಿಯ ಕೊನೆಯ ಚೆಂಡು ನಿನ್ನದು. ಗುರಿಯ ಬಿಳಿ ಗುಂಡಿನ ಕಡೆ ಬಾಗಬೇಕಾದದ್ದು ಆಚೆ ಬಾಗಿ ಪಕ್ಕದವರ ಅಂಕಣಕ್ಕೆ ಹೋಯಿತು. ಚೆಂಡಿನ ಒಂದು ಮಗ್ಗುಲಿಗೆ ಚಿಕ್ಕ ಚೀಟಿ, ಇನ್ನೊಂದಕ್ಕೆ ದೊಡ್ಡದು. ಚೆಂಡು ಬಾಗುವುದು ಅದರ ಆಕಾರದಿಂದ, ಯಾವ ಕಡೆಗೆ ಅನ್ನುವುದಕ್ಕೆ ಗುರುತು ಚಿಕ್ಕ ಚೀಟಿ. "ಚಿಕ್ಕ ಚೀಟಿ ಒಳಗಡೆಗೆ" ಅಂತ ಅಪ್ಪ ನಮಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ. ಅದನ್ನೇ ಮರೆತಳು ಅಂತ ಊರೆಲ್ಲ ಆಡಿಕೊಂಡಿತು. "ಏನಮ್ಮಾ ಎಫೀ, ನಿನ್ ತಂಗಿ ಚೆಂಡಿನ್ ಹಿಂದೇನೇ ಓಡಿಹೋದ್ಲಾ?" ಅಂತ ಫರ್ಗಸ್ ಇವತ್ತಿಗೂ ಕೇಳುತ್ತಾನೆ. ನಾನು ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತೇನೆ.

ಅರ್ಜಿ ಇದರೊಳಗಿದೆ. ಹಟ ಬಿಟ್ಟು ಸಹಿ ಹಾಕಿ ಕಳಿಸು. ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಮುತ್ತು. ನಿನಗೆ ಬೈಗುಳ, ಅದರ ಜೊತೆ ಹಾರೈಕೆಯೂ.

ನಿನ್ನ ಅಕ್ಕ,
ಎಫೀ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಆ ಸರದಿಗೆ ಮುಂಚಿನ ವಿರಾಮದಲ್ಲಿ ನೀನು ಮುಖ ತೊಳೆಯಲು ಹೋಗಿದ್ದೆ. ನಿನ್ನ ಒಂದು ಚೆಂಡಿನ ಚೀಟಿಗಳು ಕಿತ್ತು ಬಂದಿದ್ದವು. ಕನ್ನಡಕ ಹಾಕಿಕೊಳ್ಳದೆ ಹೊಸದು ಅಂಟಿಸಿದವಳು ನಾನು. ದೊಡ್ಡದರ ಜಾಗಕ್ಕೆ ಚಿಕ್ಕದು. ಸಂಜೆ ಚೆಂಡು ಒರೆಸುವಾಗ ಗೊತ್ತಾಯಿತು, ಹೇಳಲು ಬಾಯಿ ಬರಲಿಲ್ಲ. ನೀನು ಅಪ್ಪನ ಪಾಠ ಮರೆತಿರಲಿಲ್ಲ ನೆಟ್ಟಾ. ಫರ್ಗಸ್‌ಗೆ ನಾಳೆ ಹೇಳುತ್ತೇನೆ, ಮೊದಲು ನಿನಗೆ. ಇದನ್ನು ಓದಿದ ಮೇಲೂ ಸಹಿ ಹಾಕುವುದಾದರೆ, ಇನ್ನು ಮೇಲೆ ಚೀಟಿ ನೀನೇ ಅಂಟಿಸು.